ಮಷಿನ್ ಮುಂದೆ ಕೂತವನ ಹೊಟ್ಟೆ ಇಳಿದ ಬಗೆ

ನಾನು ತೀರ್ಥಹಳ್ಳಿಯಲ್ಲಿ ಟೈಲರ್. ಗಂಡಸರ ಪ್ಯಾಂಟು, ಶರ್ಟು ಹೊಲಿಯುತ್ತೇನೆ. ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ಯಾಂಟಿನ ಸೈಜು ನೋಡಿ ಹೊಟ್ಟೆ ಎಷ್ಟಿದೆ ಅಂತ ತೀರ್ಮಾನ ಮಾಡಬೇಡಿ. ಹೊಟ್ಟೆ ಬಂದ ಗಂಡಸು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇಳಿಸಿ ಹಾಕುತ್ತಾನೆ. ಅಲ್ಲಿ ಅಳೆದರೆ 36 ಇಂಚು. ನಾಲ್ಕು ಬೆರಳು ಮೇಲೆ ಟೇಪು ಸುತ್ತಿದರೆ 41. ಈ ಅಳತೆ ಬೇರೆ ಯಾರದ್ದೂ ಅಲ್ಲ, ನನ್ನದೇ.

ಸರಿಯಾಗಿ ಅಳೆಯುವುದು ಹೀಗೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ ಟೇಪು ಬರಬೇಕು. ಸಹಜವಾಗಿ ಉಸಿರು ಬಿಟ್ಟಾಗ ಅಳತೆ ನೋಡಬೇಕು. ಹೊಟ್ಟೆ ಒಳಗೆಳೆದುಕೊಂಡರೆ ಟೇಪಿಗೇನೂ ನಷ್ಟ ಇಲ್ಲ! ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಅಂತ ವೈದ್ಯರು ಗೆರೆ ಹಾಕಿದ್ದಾರೆ. ಇಂಚಿನಲ್ಲಿ ಸುಮಾರು 35½ ಮತ್ತು 31½. ಯುರೋಪಿನ ಗಂಡಸರಿಗೆ ಅದೇ ಗೆರೆ 94ಕ್ಕಿದೆ. ನಮ್ಮವರಿಗೆ ಅದಕ್ಕಿಂತ ಸಣ್ಣ ಹೊಟ್ಟೆಯೂ ತೊಂದರೆ ಕೊಡುತ್ತದೆ ಅಂತಾಯಿತು.

ಬೇರೆ ಯಾವುದಕ್ಕೋ ರಕ್ತ ಪರೀಕ್ಷೆ ಮಾಡಿಸಿದಾಗ ಖಾಲಿ ಹೊಟ್ಟೆಯ ಸಕ್ಕರೆ 112 ಬಂತು. 100ರಿಂದ 125ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದೀರಿ ಅಂತ ಡಾಕ್ಟರು ಹೇಳಿದರು. ಸ್ಕ್ಯಾನ್ ಮಾಡಿದರೆ ಲಿವರಿನಲ್ಲೂ ಕೊಬ್ಬು. ಚರ್ಮದ ಕೆಳಗೆ, ಕೈಯಲ್ಲಿ ಹಿಡಿಯಲು ಸಿಗುವ ಕೊಬ್ಬಿಗಿಂತ ಒಳಗೆ ಕರುಳು, ಲಿವರಿನ ಸುತ್ತ ಕೂರುವ ಕೊಬ್ಬು ಕೆಟ್ಟದ್ದಂತೆ. ಆದರೆ ಊಟ, ಓಡಾಟ ಸರಿ ಮಾಡಿಕೊಂಡರೆ ಒಳಗಿನದ್ದೇ ಮೊದಲು ಕರಗಲು ಶುರುವಾಗುತ್ತದೆ ಅಂದರು. ನನಗೆ ಧೈರ್ಯ ಬಂದಿದ್ದು ಆ ಮಾತಿಂದ.

ನಮ್ಮ ಮನೆ ಊಟ ನೋಡಿ. ಬೆಳಿಗ್ಗೆ ಕಡುಬು, ಇಲ್ಲ ಅಕ್ಕಿ ರೊಟ್ಟಿ, ಇಲ್ಲ ನೀರ್ದೋಸೆ. ಮಧ್ಯಾಹ್ನ ಅನ್ನ. ರಾತ್ರಿ ಮತ್ತೆ ಅನ್ನ. ಹೆಸರು ಬೇರೆ ಬೇರೆ, ಒಳಗಿರುವುದು ಅಕ್ಕಿಯೇ. ಅಪ್ಪ ಇದನ್ನೇ ನನ್ನ ಎರಡರಷ್ಟು ತಿನ್ನುತ್ತಿದ್ದರು, ಹೊಟ್ಟೆ ಬೆನ್ನಿಗೆ ಅಂಟಿಕೊಂಡಿತ್ತು. ಅವರು ದಿನಕ್ಕೆ ಎಷ್ಟು ಸಲ ತೋಟಕ್ಕೆ ಇಳಿದು ಹತ್ತುತ್ತಿದ್ದರೋ! ಸೊಪ್ಪಿನ ಹೊರೆ, ಗೊಬ್ಬರದ ಬುಟ್ಟಿ ಎಲ್ಲ ತಲೆ ಮೇಲೆ. ನಾನು ಕೂತಲ್ಲೇ ಕೂತವನು. ಮೊದಲಾದರೆ ಕಾಲಲ್ಲಿ ತುಳಿಯುವ ಮಷಿನ್ ಇತ್ತು, ಕಾಲಿಗಾದರೂ ಕೆಲಸ ಇತ್ತು. ಮೋಟರ್ ಹಾಕಿಸಿದ ಮೇಲೆ ಅದೂ ಹೋಯಿತು. ತಟ್ಟೆ ಮಾತ್ರ ಅಪ್ಪನ ಕಾಲದ್ದೇ.

ಹಾಗಂತ ಓಟ್ಸು, ಕ್ವಿನೋವಾ ಅಂತ ಹೋಗಲಿಲ್ಲ. ನಮ್ಮ ಅಡುಗೆ ಕೆಟ್ಟದ್ದಲ್ಲ, ಬಡಿಸುವ ಲೆಕ್ಕ ಬದಲಾಗಬೇಕಿತ್ತು ಅಷ್ಟೆ. ಮೊದಲು ಅರ್ಧ ತಟ್ಟೆ ಪಲ್ಯ, ಕೋಸಂಬರಿ. ಆಮೇಲೆ ಕಾಳು, ಇಲ್ಲದಿದ್ದರೆ ಮೊಟ್ಟೆ ಅಥವಾ ಮೀನು. ಉಳಿದ ಜಾಗಕ್ಕೆ ಒಂದು ಸೌಟು ಅನ್ನ. ಸಾರು ಎಷ್ಟು ಬೇಕಾದರೂ. ಬಸಳೆ, ಹರಿವೆ, ಸೌತೆ, ಬಾಳೆದಿಂಡು ಇವೆಲ್ಲ ಹಿತ್ತಲಲ್ಲೇ ಸಿಗುತ್ತವೆ, ದುಡ್ಡು ಕೊಡಬೇಕಾಗಿಲ್ಲ. ಹುರುಳಿಯನ್ನು ಬರೀ ಎತ್ತಿಗೆ ಅಂತ ಇಟ್ಟಿದ್ದ ಕಾಲ ಒಂದಿತ್ತು. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಹುರುಳಿ ಕಟ್ಟಿನ ಸಾರು ಮಾಡಿ, ಬೆಂದ ಕಾಳನ್ನು ಪಲ್ಯ ಮಾಡಿದರೆ ಮಧ್ಯಾಹ್ನ ಉಂಡವನಿಗೆ ಸಂಜೆವರೆಗೂ ಬೋಂಡದ ನೆನಪೇ ಬರುವುದಿಲ್ಲ.

ಅಮ್ಮ ಸುಲಭಕ್ಕೆ ಒಪ್ಪಲಿಲ್ಲ. "ಎಂತದಾ ಇದು, ಗುಬ್ಬಿಗೆ ಹಾಕಿದ ಹಾಗೆ ಒಂದು ಸೌಟು ಅನ್ನ? ಸೊರಗಿ ಕಡ್ಡಿ ಆಗ್ತಿ ಮಾರಾಯ" ಅಂತ ದಿನಾ ಗೊಣಗಾಟ. ಅನ್ನಕ್ಕಿಂತ ದೊಡ್ಡ ಜಗಳ ಆಗಿದ್ದು ತೆಂಗಿನಕಾಯಿಗೆ. ನಮ್ಮಲ್ಲಿ ಸಾರಿಗೆ ಕಾಯಿ, ಪಲ್ಯಕ್ಕೆ ಕಾಯಿ, ಚಟ್ನಿಗೆ ಕಾಯಿ, ತಂಬುಳಿಗೂ ಕಾಯಿ. ಹಸಿ ಕಾಯಿತುರಿಯಲ್ಲಿ ಮೂರನೇ ಒಂದು ಪಾಲು ಕೊಬ್ಬೇ. 100 ಗ್ರಾಮಿಗೆ 350 ಕ್ಯಾಲೊರಿ ಹತ್ತಿರ. ಕಾಯಿ ಪೂರ್ತಿ ಬಿಡಿ ಅಂದರೆ ಮಲೆನಾಡಿನವರು ಮನೆ ಬಿಟ್ಟಾರು, ಕಾಯಿ ಬಿಡುವುದಿಲ್ಲ. ಕೊನೆಗೆ ಒಂದು ಹೊತ್ತಿಗೆ ಒಂದೇ ಪದಾರ್ಥಕ್ಕೆ ಕಾಯಿ ಅಂತ ರಾಜಿ ಆಯಿತು. ಸಾರಿಗೆ ಹಾಕಿದರೆ ಪಲ್ಯಕ್ಕಿಲ್ಲ. ಒಂದೆಲಗದ ತಂಬುಳಿಗೆ ಒಂದು ಚಮಚ ಕಾಯಿ, ಉಳಿದದ್ದು ಮಜ್ಜಿಗೆ. ರುಚಿಯಲ್ಲಿ ಅಂಥಾ ವ್ಯತ್ಯಾಸ ಏನೂ ಆಗಲಿಲ್ಲ. ಅಮ್ಮ ಇವತ್ತಿಗೂ ಆಗಿದೆ ಅಂತಲೇ ಹೇಳುತ್ತಾರೆ.

ಅಂಗಡಿಯ ಚಹಾ ಇನ್ನೊಂದು. ಗಿರಾಕಿ ಬಂದರೆ ಚಹಾ, ಮಳೆ ಬಂದರೆ ಚಹಾ, ಕರೆಂಟು ಹೋದರೆ ಕೆಲಸ ಇಲ್ಲ ಅಂತ ಚಹಾ. ದಿನಕ್ಕೆ ಐದು ಅಂದರೂ, ಒಂದಕ್ಕೆ ಎರಡು ಚಮಚದಂತೆ 50 ಗ್ರಾಂ ಸಕ್ಕರೆ. ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಮಿನೊಳಗೆ ಇದ್ದರೆ ಒಳ್ಳೆಯದು ಅನ್ನುತ್ತಾರೆ. ಚಹಾದಲ್ಲೇ ಅದರ ಎರಡರಷ್ಟಾಯಿತು, ಅಲ್ವಾ? ಸಕ್ಕರೆ ಹಾಕದ ಚಹಾ ಎರಡು ಮೂರು ವಾರ ಕಷಾಯದ ಹಾಗಿತ್ತು, ಆಮೇಲೆ ನಾಲಿಗೆ ಒಗ್ಗಿತು. ಮನೆಯಲ್ಲಿ "ಸಕ್ಕರೆ ಬೇಡ, ಬೆಲ್ಲ ಹಾಕ್ತೀನಿ" ಅಂತಾರೆ. ಕ್ಯಾಲೊರಿ ಲೆಕ್ಕದಲ್ಲಿ ಬೆಲ್ಲಕ್ಕೂ ಸಕ್ಕರೆಗೂ ಹೇಳುವಷ್ಟು ವ್ಯತ್ಯಾಸ ಇಲ್ಲ. ಹೊಟ್ಟೆ ಕರಗಬೇಕು ಅನ್ನುವವರು ಬೆಲ್ಲದ ಕಾಫಿ ನೆಚ್ಚಿಕೊಳ್ಳಬೇಡಿ.

ಜೇನು, ನಿಂಬೆ, ಬಿಸಿನೀರು ಬಗ್ಗೆ ಕೇಳುವವರಿದ್ದಾರೆ. ಕುಡಿಯಿರಿ, ಕೊಬ್ಬು ಮಾತ್ರ ಕರಗುವುದಿಲ್ಲ. ಆದರೆ ಉಪ್ಪಾಗೆ ಅನ್ನುವ ಹುಳಿ ಹಣ್ಣಿನ ವಿಷಯ ಸ್ವಲ್ಪ ಹೇಳಲೇಬೇಕು, ಅದು ನಮ್ಮ ಕಾಡಿನದ್ದೇ. ಉಪ್ಪಾಗೆ ಸಿಪ್ಪೆ ಒಣಗಿಸಿ ಮಾರುವವರು ನಮ್ಮ ಕಡೆ ಎಷ್ಟೋ ಜನ. ಅದನ್ನೇ ಗಾರ್ಸಿನಿಯಾ ಅಂತ ಮಾತ್ರೆ ಮಾಡಿ, ಹೊಟ್ಟೆ ಕರಗಿಸುತ್ತದೆ ಅಂತ ದುಬಾರಿ ಬೆಲೆಗೆ ನಮಗೇ ಮಾರುತ್ತಾರೆ. ನನಗೂ ಒಂದು ಡಬ್ಬಿ ತರಿಸುವ ಆಸೆ ಇತ್ತು. ಮಗಳು ಶಿವಮೊಗ್ಗದಲ್ಲಿ ಫಾರ್ಮಸಿ ಓದುತ್ತಾಳೆ. ಅವಳು ತಡೆದಳು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿದರಂತೆ. ಉಪ್ಪಾಗೆ ಸಾರ ತಿಂದವರಿಗೂ ಸುಮ್ನೆ ಹುಸಿ ಮಾತ್ರೆ ತಿಂದವರಿಗೂ ತೂಕ ಇಳಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೇಲಾಗಿ ಇಂಥ ಮಾತ್ರೆಗಳಿಂದ ಲಿವರ್ ಕೆಟ್ಟ ಪ್ರಕರಣಗಳೂ ಇವೆ. "ಅಪ್ಪಾ, ನಿನ್ನ ಲಿವರ್ ಮೊದಲೇ ಹೀಗಿದೆ" ಅಂದಳು. ಉಪ್ಪಾಗೆಯನ್ನು ಮೀನು ಸಾರಿನ ಹುಳಿಗೆ ಹಾಕಿ, ಸಾಕು.

ಇನ್ನು ವ್ಯಾಯಾಮ. ಹೊಟ್ಟೆಯೊಂದನ್ನೇ ಗುರಿ ಇಟ್ಟು ಕರಗಿಸುವ ವ್ಯಾಯಾಮ ಇಲ್ಲ. ಮಲಗಿ ಎದ್ದು ಮಲಗಿ ಎದ್ದು ಮಾಡಿದರೆ ಹೊಟ್ಟೆಯ ಸ್ನಾಯು ಗಟ್ಟಿ ಆಗುತ್ತದೆ, ಮೇಲಿನ ಕೊಬ್ಬು ಹಾಗೇ ಇರುತ್ತದೆ. ವಾರಕ್ಕೆ 150 ನಿಮಿಷ ಬಿರುಸಾದ ನಡಿಗೆ, ಎರಡು ದಿನ ಸ್ನಾಯುಗಳಿಗೆ ಕೆಲಸ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಕನಿಷ್ಠ ಇಷ್ಟು. ಬೇಸಿಗೆಯಲ್ಲಿ ಇದು ಸಲೀಸು. ಬೆಳಿಗ್ಗೆ ತುಂಗಾ ಹೊಳೆ ದಂಡೆ ಕಡೆ ಹೋಗಿ ಬರುವುದು, ಯಾವಾಗಲಾದರೂ ಭಾನುವಾರ ಕುಂದಾದ್ರಿ ರಸ್ತೆ ಹತ್ತುವುದು. ಮಾತಾಡಬಹುದು ಆದರೆ ಹಾಡು ಹೇಳಲಾಗುವುದಿಲ್ಲ, ಅಷ್ಟು ಏದುಸಿರು ಬಂದರೆ ನಡಿಗೆಯ ವೇಗ ಸರಿ ಇದೆ ಅಂತ.

ನಿಜವಾದ ಪರೀಕ್ಷೆ ಮಳೆಗಾಲ. ಜೂನ್ ಬಂತು ಅಂದರೆ ನಮ್ಮ ಕಡೆ ವಾಕಿಂಗ್ ಮಾಡುವವರೆಲ್ಲ ನಾಪತ್ತೆ. ಕೊಡೆ ಗಾಳಿಗೆ ತಿರುಗಿ ನಿಲ್ಲುತ್ತದೆ, ಕಾಲಿಗೆ ಉಂಬಳ. ಮೇಲಿಂದ ಹಸಿವು ಬೇರೆ ಜಾಸ್ತಿ, ಡಬ್ಬಿ ತುಂಬ ಹಲಸಿನ ಹಪ್ಪಳ. ಬೇಸಿಗೆಯಲ್ಲಿ ಇಳಿದದ್ದೆಲ್ಲ ಶ್ರಾವಣ ಮುಗಿಯುವಷ್ಟರಲ್ಲಿ ವಾಪಸ್ ಬರುವುದು ಇದಕ್ಕೇ. ನಾನು ಮನೆಯ ಜಗಲಿ ಹಿಡಿದೆ. ಉದ್ದ ಜಗಲಿ, ಆ ತುದಿಯಿಂದ ಈ ತುದಿಗೆ ರೇಡಿಯೋ ಹಾಕಿಕೊಂಡು ನಡೆಯುವುದು. ಅಟ್ಟದ ಮೆಟ್ಟಿಲು ಹತ್ತಿ ಇಳಿಯುವುದು. ಕುರ್ಚಿಯ ಅಂಚಿಗೆ ಕೂತು, ಕೈ ಊರದೆ ಏಳುವುದು. ಗೋಡೆಗೆ ಕೈ ಕೊಟ್ಟು ದಂಡ. ಬಾವಿಗೆ ಪಂಪ್ ಇದ್ದರೂ ಬಚ್ಚಲ ಹಂಡೆಗೆ ನೀರು ಸೇದುವ ಕೆಲಸ ನಾನೇ ತೆಗೆದುಕೊಂಡೆ. ಹಪ್ಪಳ ಬಿಡಲಿಲ್ಲ, ಎಣ್ಣೆಗೆ ಹಾಕುವ ಬದಲು ಕೆಂಡದಲ್ಲಿ ಸುಟ್ಟೆ. ನನಗೆ ಕೇಳಿದರೆ ಸುಟ್ಟದ್ದೇ ಹೆಚ್ಚು ರುಚಿ.

ಅಂಗಡಿಯಲ್ಲಿ ಒಂದು ಬಟ್ಟೆ ಮುಗಿದರೆ ಎದ್ದು ಬೀದಿ ತುದಿವರೆಗೆ ಹೋಗಿ ಬರುತ್ತೇನೆ. ರಾತ್ರಿ ಊಟ ಒಂಬತ್ತೂವರೆಯಿಂದ ಏಳೂವರೆಗೆ ಬಂತು. ಉಂಡ ಮೇಲೆ ಹತ್ತು ನಿಮಿಷ ಅಂಗಳದಲ್ಲಿ ಓಡಾಟ, ಅದು ಸಕ್ಕರೆ ಏರುವುದನ್ನು ತಗ್ಗಿಸುತ್ತದೆ. ಮದುವೆ ಸೀಸನ್ನಿನಲ್ಲಿ ರಾತ್ರಿ ಹೊಲಿಯುತ್ತ ನಿದ್ದೆಗೆಟ್ಟ ವಾರ ಟೇಪು ಒಂದು ಚೂರೂ ಕೆಳಗಿಳಿಯುವುದಿಲ್ಲ. ನಿದ್ದೆ ಕಮ್ಮಿ ಆದರೆ ಹಸಿವು ಜಾಸ್ತಿ, ಅದರಲ್ಲೂ ಸಿಹಿ ಬೇಕು ಅನಿಸುತ್ತದೆ. ಮದುವೆ ಊಟಕ್ಕೆ ಹೋದರೆ ಹೋಳಿಗೆ ಒಂದು ತಿನ್ನುತ್ತೇನೆ, ಎರಡನೇ ಸುತ್ತಿನ ಅನ್ನಕ್ಕೆ ಎಲೆ ಮೇಲೆ ಕೈ ಅಡ್ಡ ಹಿಡಿಯುತ್ತೇನೆ.

ಒಂದು ಅಡಿಕೆ ಕೊಯ್ಲಿನಿಂದ ಇನ್ನೊಂದು ಕೊಯ್ಲಿಗೆ 41 ಇದ್ದದ್ದು 36½ ಆಯಿತು. ಮೊದಲು ಇಳಿದದ್ದು ಮುಖ. "ಹುಷಾರಿಲ್ವಾ?" ಅಂತ ಊರೆಲ್ಲ ಕೇಳಿತು. ಕಣ್ಣಿಗೆ ಕಾಣುವ ಹಾಗೆ ಹೊಟ್ಟೆ ಇಳಿದದ್ದು ಕಟ್ಟಕಡೆಗೆ. ಸಕ್ಕರೆ 97ಕ್ಕೆ ಬಂದಿದೆ. 90 ಸೆಂಟಿಮೀಟರಿಗೆ ಇನ್ನೂ ಒಂದಿಂಚು ಬಾಕಿ.

ನನ್ನ ನೋಡಿ ಅಮ್ಮನೂ ಅನ್ನ ಕಮ್ಮಿ ಮಾಡಲು ಹೊರಟರು. ಅವರು ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು. ಮಾತ್ರೆ ಅಷ್ಟೇ ಇಟ್ಟು ಊಟ ಇಳಿಸಿದರೆ ಸಕ್ಕರೆ ತೀರಾ ಕೆಳಗೆ ಹೋಗಿ ತಲೆ ಸುತ್ತಿ ಬೀಳಬಹುದು ಅಂತ ಮಗಳು ಹೆದರಿದಳು. ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಒಂದು ಮಾತ್ರೆ ಅರ್ಧ ಮಾಡಿದ ಮೇಲೆಯೇ ಅಮ್ಮನ ತಟ್ಟೆಯಲ್ಲಿ ಅನ್ನ ಇಳಿಸಿದೆವು.