ವಾಚಿನ ಕೀ ಹಿಡಿದು ಗರಗರ ತಿರುಗಿಸಬೇಡಿ

ರಾತ್ರಿ ಹತ್ತು ಗಂಟೆಗೆ, ಮಲಗೋ ಹೊತ್ತಲ್ಲಿ, ವಾಚಿನ ತಾರೀಕು ತಪ್ಪಿರೋದು ಕಣ್ಣಿಗೆ ಬೀಳುತ್ತೆ. ಕೂಡಲೇ ಪಕ್ಕದ ಕೀ ಎಳೆದು ಗರಗರ ತಿರುಗಿಸೋದು. ವಾರ ಕಳೆದ ಮೇಲೆ ತಾರೀಕೇ ಬದಲಾಗ್ತಿಲ್ಲ, ದರಿದ್ರ ವಾಚು ಅಂತ ಬೈಯೋದು. ವಾಚನ್ನ ಯಾಕೆ ಬೈತೀರಿ, ಅದರ ಹಲ್ಲು ಮುರಿದವರು ನೀವೇ. ನೋಡಿ ನೋಡಿ ಸಾಕಾಗಿ ಬರೀತಿದ್ದೀನಿ.

ಮೊದಲು ಕೈಯಲ್ಲಿರೋದು ಯಾವ ಜಾತಿ ವಾಚು ಅಂತ ತಿಳ್ಕೊಳ್ಳಿ. ಸೆಕೆಂಡ್ ಮುಳ್ಳು ಒಂದೊಂದು ಸೆಕೆಂಡಿಗೆ ಒಂದೊಂದು ಹೆಜ್ಜೆ ಹಾಕಿದರೆ ಸಾಮಾನ್ಯವಾಗಿ ಸೆಲ್ ವಾಚು. ಒಳಗೊಂದು ಕ್ವಾರ್ಟ್ಸ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ, ಅದನ್ನ ಎಣಿಸಿ ಎಣಿಸಿ ಮುಳ್ಳನ್ನ ಒಂದು ಹೆಜ್ಜೆ ದೂಡುತ್ತೆ. ಮುಳ್ಳು ಜಾರಿಕೊಂಡು ಹೋದ ಹಾಗೆ ಕಂಡರೆ ಸ್ಪ್ರಿಂಗಿನದು. ಜಾರೋದೂ ಅಲ್ಲ, ಸೆಕೆಂಡಿಗೆ ಐದೋ ಆರೋ ಎಂಟೋ ಪುಟ್ಟ ಹೆಜ್ಜೆ ಅವು. ಕಿವಿಗೆ ಹಿಡಿದರೆ ಟಿಕಟಿಕ ಸದ್ದು ಓಡ್ತಿರುತ್ತೆ. ಮೆಲ್ಲಗೆ ಅಲ್ಲಾಡಿಸಿದಾಗ ಒಳಗೇನೋ ಉರುಳಿದ ಹಾಗಾದರೆ ಆಟೋಮ್ಯಾಟಿಕ್: ಅರ್ಧಚಂದ್ರದಂಥ ತೂಕವೊಂದು ಕೈ ಆಡಿದ ಹಾಗೆಲ್ಲ ತಿರುಗಿ ಸ್ಪ್ರಿಂಗ್ ಸುತ್ತುತ್ತೆ. ಬಿಚ್ಚಿಟ್ಟರೆ ಒಂದೂವರೆ ಎರಡು ದಿನಕ್ಕೆ ನಿಲ್ಲೋದು ಅದರ ಗುಣ, ರಿಪೇರಿಗೆ ಓಡಬೇಡಿ. ಇಪ್ಪತ್ತು ಮೂವತ್ತು ಸುತ್ತು ಕೀ ಕೊಟ್ಟು ಕಟ್ಟಿಕೊಳ್ಳಿ.

ಬರೀ ಕೀ ಕೊಡೋ ವಾಚಾದರೆ ದಿನಾ ಒಂದೇ ಹೊತ್ತಿಗೆ ಕೊಡಬೇಕು. ಹಿಂದೆಲ್ಲ ಬೆಳಿಗ್ಗೆ ಹಲ್ಲುಜ್ಜಿದಷ್ಟೇ ಸಹಜವಾಗಿ ಕೀ ಕೊಡ್ತಿದ್ದರು, ಅದೂ ಕೈಯಿಂದ ಬಿಚ್ಚಿ. ಕಟ್ಟಿಕೊಂಡೇ ತಿರುಗಿಸಿದರೆ ಕೀಯ ಸಣ್ಣ ಕಡ್ಡಿ ಓರೆಯಾಗಿ ಎಳೆಸಿಕೊಂಡು ಬಾಗುತ್ತೆ ಅನ್ನೋದು ಅವರಿಗೆ ಗೊತ್ತಿತ್ತು. ಬೆರಳಿಗೆ ಬಿಗಿ ಬಂತೋ, ಅಲ್ಲಿಗೆ ಸಾಕು. ಇನ್ನೊಂದು ಅರ್ಧ ಸುತ್ತಿನ ಆಸೆ ಬೇಡ.

ಈಗ ತಾರೀಕು. ಮಧ್ಯರಾತ್ರಿ ತಾರೀಕು ಹೊರಳಿಸೋ ಚಕ್ರ ರಾತ್ರಿ ಒಂಬತ್ತರ ಸುಮಾರಿಗೇ ತಾರೀಕಿನ ತಟ್ಟೆಗೆ ಕೈ ಹಾಕಿರುತ್ತೆ, ಎಷ್ಟೋ ವಾಚುಗಳಲ್ಲಿ ಬೆಳಗಿನ ಮೂರರವರೆಗೂ ಬಿಡಲ್ಲ. ಆ ಹೊತ್ತಲ್ಲಿ ನೀವು ಬಲವಂತವಾಗಿ ತಾರೀಕು ತಿರುಗಿಸಿದರೆ ಅಕ್ಕಿಕಾಳಿಗಿಂತ ಸಣ್ಣ ಹಲ್ಲು ಮುರೀದೆ ಏನಾಗುತ್ತೆ? ಇಲ್ಲೊಂದು ತೊಡಕಿದೆ: ನಿಂತ ವಾಚು ಹತ್ತು ಗಂಟೆ ತೋರಿಸಿದರೆ ಅದು ಬೆಳಗಿನ ಹತ್ತೋ ರಾತ್ರಿ ಹತ್ತೋ ಮುಖ ನೋಡಿ ಹೇಳೋಕಾಗಲ್ಲ. ಅದಕ್ಕೇ ನಾನು ಯಾವತ್ತೂ ಬಿಡದ ಕ್ರಮ ಒಂದಿದೆ. ಎರಡು ನಿಮಿಷದ ಕೆಲಸ, ತಾಳ್ಮೆ ಇಟ್ಟು ಓದಿ.

ಕೀ ತಿರುಪಿನದಾದರೆ ಮೊದಲು ಎಡಕ್ಕೆ ಬಿಚ್ಚಿ. ಉಗುರು ಕೊಟ್ಟು ಎಳೆದರೆ ತಾರೀಕಿರೋ ವಾಚು ಸಾಮಾನ್ಯವಾಗಿ ಎರಡು ಸಲ ಟಿಕ್ ಅನ್ನುತ್ತೆ: ಮೊದಲನೇದು ತಾರೀಕಿಗೆ, ಎರಡನೇದು ಮುಳ್ಳಿಗೆ. ಪೂರ್ತಿ ಎರಡನೇದಕ್ಕೆ ಎಳೆಯಿರಿ. ಮುಳ್ಳುಗಳನ್ನ ಮುಂದಕ್ಕೇ ತಿರುಗಿಸುತ್ತಾ ತಾರೀಕಿನ ಕಿಟಕಿ ಮೇಲೆ ಕಣ್ಣಿಡಿ. ಅಂಕಿ ಹೊರಳಿತಾ? ಅದು ಮಧ್ಯರಾತ್ರಿ. ಹಾಗೇ ಮುಂದೆ ಹೋಗಿ ಆರೂವರೆಗೆ ನಿಲ್ಲಿಸಿ, ಎರಡೂ ಮುಳ್ಳು ಕೆಳಗೆ ಬಂದಿರುತ್ತೆ. ಈಗದು ಬೆಳಗಿನ ಆರೂವರೆ, ತಾರೀಕಿನ ಚಕ್ರದ ಕೈ ಬಿಟ್ಟಿದೆ. ಕೀಯನ್ನ ಮೊದಲನೇ ಟಿಕ್‌ಗೆ ಒತ್ತಿ, ಇವತ್ತಿನದಲ್ಲ, ನಿನ್ನೆಯ ತಾರೀಕು ಇಡಿ. ಇವತ್ತು 15 ಆದರೆ 14. ಕೀ ಒಳಕ್ಕೆ ಒತ್ತಿ, ಸೆಕೆಂಡ್ ಮುಳ್ಳು ಹನ್ನೆರಡರ ಮೇಲೆ ಬಂದ ಕ್ಷಣಕ್ಕೆ ಮತ್ತೆ ಎರಡನೇ ಟಿಕ್‌ಗೆ ಎಳೆಯಿರಿ. ಸುಮಾರು ವಾಚುಗಳಲ್ಲಿ ಮುಳ್ಳು ಅಲ್ಲೇ ನಿಲ್ಲುತ್ತೆ. ಈಗ ಮುಂದಕ್ಕೆ ತಿರುಗಿಸಿ. ಮಧ್ಯಾಹ್ನದ ಹನ್ನೆರಡು ದಾಟುತ್ತೆ, ಮಧ್ಯರಾತ್ರಿಯ ಹನ್ನೆರಡು ದಾಟುವಾಗ 15 ನಿಮ್ಮ ಕಣ್ಣೆದುರೇ ಬಂದು ಕೂರುತ್ತೆ. ನಿಮಗೀಗ ಮಧ್ಯಾಹ್ನದ ಹನ್ನೆರಡು ಕಳೆದಿದ್ದರೆ ಇನ್ನೊಂದು ಹನ್ನೆರಡು ದಾಟಿಸಿ. ಕೊನೇ ನಿಮಿಷದಲ್ಲಿ ಅವಸರ ಬೇಡ. ಹಲ್ಲು ಹಲ್ಲಿನ ಮಧ್ಯೆ ಚೂರು ಸಡಿಲ ಇರುತ್ತೆ. ಸ್ಪ್ರಿಂಗ್ ವಾಚಾದರೆ ನಾಲ್ಕೈದು ನಿಮಿಷ ಹಿಂದೆ ನಿಲ್ಲಿಸಿ ಮೆಲ್ಲಗೆ ಮುಂದೆ ತನ್ನಿ. ಸೆಲ್‌ನದಾದರೆ ಅಷ್ಟೇ ಮುಂದೆ ಹೋಗಿ ಹಿಂದಕ್ಕೆ ತನ್ನಿ. ನಿಮಿಷದ ಮುಳ್ಳಿನ ತುದಿ ಗೆರೆ ಮೇಲೆ ಸರಿಯಾಗಿ ಕೂತ ಮೇಲೆ, ಸಮಯ ಆದ ಗಳಿಗೆಗೆ ಕೀ ಒತ್ತಿ. ತಿರುಪಿದ್ದರೆ ಬಿಗಿ ಮಾಡಿ. ತಾರೀಕಿನ ತಟ್ಟೆಗೆ ಗೊತ್ತಿರೋದು 31 ಮಾತ್ರ, ಹಾಗಾಗಿ ವರ್ಷಕ್ಕೆ ಐದು ಸಲ, ಮಾರ್ಚ್, ಮೇ, ಜುಲೈ, ಅಕ್ಟೋಬರ್, ಡಿಸೆಂಬರ್ ಒಂದನೇ ತಾರೀಕು, ನೀವೇ ತಿದ್ದಲೇಬೇಕು.

ಹಿಂಬದಿ 30 ಮೀಟರ್ ಅಂತ ಬರೆದಿದೆ ಅಂತ ಸ್ನಾನಕ್ಕೆ ಕಟ್ಟಿಕೊಂಡು ಹೋಗೋದು ಇನ್ನೊಂದು ದಡ್ಡತನ. ಅದು ಅಲ್ಲಾಡದ ನೀರಿನ ಒತ್ತಡದ ಲೆಕ್ಕ. 30 ಅಂದರೆ ಮಳೆಹನಿ, ಕೈ ತೊಳೆದ ಸಿಡಿತ, ಅಷ್ಟೇ. ಈಜೋಕೆ 100 ಇರಲಿ. ನೀರು ತಡೆಯೋದು ಒಳಗಿನ ರಬ್ಬರ್ ಬಳೆ. ಬಿಸಿನೀರು, ಸೋಪು ಬಿದ್ದು ಬಿದ್ದು ಅದು ಗಟ್ಟಿಯಾಗಿ ಸೀಳುತ್ತೆ. ಸೆಲ್ ಹಾಕಿಸುವಾಗಲೇ ಅದನ್ನೂ ನೋಡಿಸಿ. ಕುಕ್ಕರಿನ ರಬ್ಬರ್ ಕೂಡ ಅದೇ ಜಾತಿ ಕಣ್ರೀ, ತೊಳೆದು ಒರೆಸಿ ಬೇರೆ ಇಡಿ ಅಂದರೆ ಒದ್ದೆ ಮುಚ್ಚಳಕ್ಕೇ ಸಿಕ್ಕಿಸಿ ಇಡ್ತೀರಿ, ಆಮೇಲೆ ಸೀಟಿ ಬರಲ್ಲ ಅಂತೀರಿ. ವಾಚಿನ ಗಾಜಿನ ಒಳಗೆ ಮಂಜು ಕಂಡರೆ ಬಿಸಿಲಿಗಿಡಬೇಡಿ, ಅವತ್ತೇ ಬಿಚ್ಚಿಸಿ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತೆ.

ಮೂರು ಪುಟ್ಟ ಡಯಲ್, ಎರಡು ಬಟನ್ ಇರೋದು ಕ್ರೊನೊಗ್ರಾಫ್, ಅಂದರೆ ಒಳಗೆ ಸ್ಟಾಪ್‌ವಾಚೂ ಇರೋ ವಾಚು. ಅದರ ದೊಡ್ಡ ಸೆಕೆಂಡ್ ಮುಳ್ಳು ಸುಮ್ಮನೆ ನಿಂತಿರಬೇಕಾದ್ದೇ, ಓಡೋ ಸೆಕೆಂಡು ಪುಟ್ಟ ಡಯಲ್ಲಿನಲ್ಲಿರುತ್ತೆ. ನಿಂತಿದೆ ಅಂತ ಸದಾ ಓಡಿಸಿಟ್ಟರೆ ಸೆಲ್ ಬೇಗ ಮುಗಿಯುತ್ತೆ. ಸುತ್ತ ಟ್ಯಾಕಿಮೀಟರ್, ಅಂದರೆ ವೇಗ ತೋರಿಸೋ ಅಂಕಿ ಇದ್ದರೆ ಒಂದು ಕಿಲೋಮೀಟರ್ ಹೋಗೋಕೆ 40 ಸೆಕೆಂಡ್ ಆದಾಗ ಮುಳ್ಳು 90ರ ಎದುರು ಇರುತ್ತೆ, ಗಂಟೆಗೆ 90 ಅಂತ ಅರ್ಥ.

ಸ್ಪ್ರಿಂಗ್ ವಾಚು ಇದ್ದಕ್ಕಿದ್ದ ಹಾಗೆ ದಿನಕ್ಕೆ ಎಷ್ಟೋ ನಿಮಿಷ ಮುಂದೆ ಓಡಿದರೆ ಸ್ಪೀಕರ್ ಮೇಲೋ ಅಯಸ್ಕಾಂತದ ಫೋನ್ ಕವರ್ ಹತ್ತಿರವೋ ಇಟ್ಟಿದ್ದಿರಾ ನೆನಪಿಸಿಕೊಳ್ಳಿ. ಕೂದಲಿನಂಥ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿರುತ್ತೆ. ಅಯಸ್ಕಾಂತ ಗುಣ ತೆಗೆಸಿದರೆ ಸರಿಹೋಗುತ್ತೆ. ಬೆಲ್ಟ್ ಕೊಳ್ಳುವಾಗ ಅದು ಸಿಕ್ಕೋ ಎರಡು ಕೊಂಬಿನ ನಡುವಿನ ಅಗಲ ಅಳೆದುಕೊಂಡು ಹೋಗಿ, 18, 20, 22 ಮಿಲಿಮೀಟರ್ ಹೀಗಿರುತ್ತೆ, ಅಂದಾಜು ನಡೆಯಲ್ಲ. ಸೆಲ್ ವಾಚಿನ ಮುಳ್ಳು ಎರಡೆರಡು ಸೆಕೆಂಡ್ ಹಾರೋಕೆ ಶುರುಮಾಡಿದರೆ ಎಷ್ಟೋ ವಾಚುಗಳಲ್ಲಿ ಅದು ಸೆಲ್ ಮುಗೀತಾ ಬಂತು ಅನ್ನೋ ಸೂಚನೆ. ಕಟ್ಟದೆ ಡ್ರಾಯರಿನಲ್ಲಿ ಬಿದ್ದಿರೋ ವಾಚಿದ್ದರೆ ಸೆಲ್ ತೆಗೆಸಿಯೇ ಇಡಿ, ಸತ್ತ ಸೆಲ್ ಸೋರಿದರೆ ಒಳಗಿನ ಸರ್ಕ್ಯೂಟನ್ನೇ ತಿಂದುಹಾಕುತ್ತೆ.