ಕೆಳಗಿನ ಗೆರೆ ದಪ್ಪ ಬಂದಾಗ

ಬಳ್ಳಾರಿಯ ಒಂದು ಲ್ಯಾಬ್‌ನಲ್ಲಿ ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಕೆಲಸ ಮಾಡುತ್ತಿದ್ದೆ. ಒಂದು ಗಿಡದ ಸಾರ ಹಾಕಿ 24 ಗಂಟೆ ಬಿಟ್ಟರೆ ಆಟೋಫೇಜಿ ಏರುತ್ತದಾ ಅಂತ ನೋಡಬೇಕಿತ್ತು. ಆಟೋಫೇಜಿ ಅಂದರೆ ಕೋಶ ತನ್ನೊಳಗಿನ ಹಳೇ ಸಾಮಾನನ್ನು ಚೀಲಕ್ಕೆ ತುಂಬಿ, ಲೈಸೋಸೋಮ್ ಅನ್ನೋ ಆಮ್ಲದ ಕೋಣೆಗೆ ಸಾಗಿಸಿ, ಕರಗಿಸಿ ಮತ್ತೆ ಬಳಸಿಕೊಳ್ಳುವುದು. ಆ ಚೀಲಕ್ಕೆ ಅಂಟಿರುವ ಪ್ರೋಟೀನ್ ಎಲ್‌ಸಿ3-2. ಪ್ರೋಟೀನ್‌ಗಳನ್ನು ಗಾತ್ರದ ಮೇಲೆ ಬಿಡಿಸಿ, ಪೊರೆಗೆ ಇಳಿಸಿ ಗೆರೆಯಾಗಿ ನೋಡುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಎಲ್‌ಸಿ3ಗೆ ಎರಡು ಗೆರೆ ಬರುತ್ತವೆ, ಇದು ಕೆಳಗಿನದು. (ಮೊದಲ ಎರಡು ಸಲ ಅದು ನನ್ನ 0.45 ಮೈಕ್ರಾನ್ ರಂಧ್ರದ ಪೊರೆಯನ್ನೇ ದಾಟಿ ಹೋಗಿತ್ತು. 0.2ರದ್ದು ಹಾಕಿದ ಮೇಲೆ ಸಿಕ್ಕಿತು.)

ಮೂರನೇ ಸಲ ಗೆರೆ ಕಪ್ಪಗೆ, ದಪ್ಪಗೆ ಬಂತು. ಅವತ್ತೇ ಸ್ಲೈಡ್ ಮಾಡಿಬಿಟ್ಟೆ: 'ಆಟೋಫೇಜಿ ಏರಿದೆ'. ಆದರೆ ಪಿ62 ಕೂಡ ಏರಿತ್ತು. ಅದು ಕಸದ ಜೊತೆ ತಾನೂ ಕರಗುವ ಪ್ರೋಟೀನ್. ಕೆಲಸ ಸರಿಯಾಗಿ ನಡೆದಿದ್ದರೆ ಇಳಿಯಬೇಕಿತ್ತು, ಅಲ್ವಾ? ಆ್ಯಂಟಿಬಾಡಿ ಹಳೇದು ಅಂದುಕೊಂಡು ಸುಮ್ನೆ ಬದಿಗಿಟ್ಟೆ.

ಆ ವಾರ ಊರಿಗೆ ಹೋಗಿದ್ದೆ. ನಮ್ಮದು ಮಾನ್ವಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಟೇಲ್ ಎಂಡ್. ದಾರಿಯಲ್ಲಿ ಕಾಲುವೆ ತುಂಬಿ ನಿಂತಿತ್ತು. "ನೀರು ಭಾಳ ಬಿಟ್ಟಾರಲ್ಲಪ್ಪಾ" ಅಂದೆ. ಅಪ್ಪ ನಕ್ಕರು. "ಎಲ್ಲಿ ಬಿಟ್ಟಾರ? ಕೆಳಗ ಗೇಟ್ ಬಂದ್ ಮಾಡ್ಯಾರ, ಅದಕ್ಕ ನಿಂತೈತಿ. ನಮ್ಮ ಗದ್ದಿ ನೋಡು ಬಾ."

ವಾಪಸ್ ಬಂದು ನಾನೇ ಗೇಟ್ ಹಾಕಿ ನೋಡಿದೆ. ಕೊನೆಯ 2 ಗಂಟೆ 100 ನ್ಯಾನೋಮೋಲಾರ್ ಬಾಫಿಲೋಮೈಸಿನ್. ಅದು ಲೈಸೋಸೋಮ್‌ನ ಆಮ್ಲದ ಪಂಪ್ ನಿಲ್ಲಿಸುತ್ತದೆ, ಚೀಲಗಳು ಕರಗದೆ ಉಳಿಯುತ್ತವೆ. ಪಕ್ಕದ ತಟ್ಟೆಯ ಕೋಶಗಳನ್ನು ಅಮೈನೋ ಆಮ್ಲ ಕೊಡದೆ ಉಪವಾಸ ಕೆಡವಿದೆ. ಉಪವಾಸದವುಗಳಲ್ಲಿ ಬಾಫಿಲೋಮೈಸಿನ್ ಸೇರಿದಾಗ ಗೆರೆ ಇನ್ನೂ ದಪ್ಪವಾಯಿತು. ಸಾರ ಕುಡಿದವುಗಳಲ್ಲಿ ಕದಲಲಿಲ್ಲ. ಅಲ್ಲಿ ಗೇಟ್ ಆಗಲೇ ಬಿದ್ದಿತ್ತು.

ಸಿಗ್ನಲ್ ಕೂಡ ಅದನ್ನೇ ಹೇಳಿತು. ಆಟೋಫೇಜಿ ಶುರು ಮಾಡುವ ಪ್ರೋಟೀನ್ ಯುಎಲ್‌ಕೆ1. ಊಟ ಇದ್ದಾಗ ಎಂಟಾರ್ ಅನ್ನೋ ಕೈನೇಸ್ (ಫಾಸ್ಫೇಟ್ ಅಂಟಿಸುವ ಕಿಣ್ವ) ಅದಕ್ಕೆ ಫಾಸ್ಫೇಟ್ ಅಂಟಿಸಿ ಸುಮ್ಮನೆ ಕೂರಿಸುತ್ತದೆ. ಶಕ್ತಿ ಕಮ್ಮಿಯಾದರೆ ಎಎಂಪಿಕೆ ಅನ್ನೋ ಇನ್ನೊಂದು ಕೈನೇಸ್ ಎಂಟಾರ್ ಅನ್ನು ತಗ್ಗಿಸಿ ಯುಎಲ್‌ಕೆ1 ಅನ್ನು ಎಬ್ಬಿಸುತ್ತದೆ. ಉಪವಾಸದಲ್ಲಿ ಎಂಟಾರ್ ಅಂಟಿಸಿದ ಫಾಸ್ಫೇಟ್ ಇಳಿದಿತ್ತು, ಸಾರದಲ್ಲಿ ಇಳಿದಿರಲಿಲ್ಲ.

ಕ್ಯಾನ್ಸರ್‌ನಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಆಟೋಫೇಜಿಗೆ ಬೇಕಾದ ಬೆಕ್ಲಿನ್1 ಜೀನಿನ ಒಂದು ಪ್ರತಿ ಕಳೆದುಕೊಂಡ ಇಲಿಗಳಿಗೆ ಗಡ್ಡೆ ಜಾಸ್ತಿ ಬರುತ್ತದೆ. ಅಂದರೆ ಶುರುವಿನಲ್ಲಿ ಆಟೋಫೇಜಿ ಕಾಯುತ್ತದೆ. ಗಡ್ಡೆ ಬೆಳೆದ ಮೇಲೆ ಎಷ್ಟೋ ಸಲ ಅದೇ ಆಟೋಫೇಜಿ ಗಡ್ಡೆಗೆ ಬುತ್ತಿ ಕಟ್ಟುತ್ತದೆ. ಅದಕ್ಕೇ ಲೈಸೋಸೋಮ್ ಕೆಲಸ ತಡೆಯುವ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧಿಯನ್ನು ಕೀಮೋ ಜೊತೆ ಕೊಟ್ಟು ಪರೀಕ್ಷಿಸಿದ್ದಾರೆ.

ಸ್ಲೈಡ್‌ನಲ್ಲಿ 'ಏರಿದೆ' ಅಳಿಸಿ 'ಕೊನೆಯಲ್ಲಿ ಕಟ್ಟಿಕೊಂಡಿದೆ' ಅಂತ ಬರೆದೆ. "ಪಿ62 ಮೊದಲೇ ಹೇಳಿತ್ತಲ್ಲ?" ಅಂದರು ಗೈಡ್. ಹೇಳಿತ್ತು.