ಫೋಲಿಕ್ ಆ್ಯಸಿಡ್: ಎರಡು ಗೆರೆ ಕಾಣುವ ಮೊದಲೇ ಶುರುವಾಗಬೇಕಾದ ಮಾತ್ರೆ

ಮುಟ್ಟು ನಿಂತು, ಪರೀಕ್ಷೆಯ ಕಡ್ಡಿಯಲ್ಲಿ ಎರಡು ಗೆರೆ ಕಂಡ ಮೇಲೆ ಡಾಕ್ಟರ ಬಳಿ ಹೋಗಿ ಫೋಲಿಕ್ ಆ್ಯಸಿಡ್ (ಫೋಲೇಟ್ ಎಂಬ ಬಿ ವಿಟಮಿನ್ನಿನ ಮಾತ್ರೆ ರೂಪ) ಬರೆಸಿಕೊಳ್ಳುವುದು ನಮ್ಮಲ್ಲಿ ರೂಢಿ. ಆ ಮಾತ್ರೆ ಮಾಡಬೇಕಾದ ದೊಡ್ಡ ಕೆಲಸಕ್ಕೆ ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಲೆಕ್ಕ ಹಾಕಿ ನೋಡಿ. ತಿಂಗಳ ಮುಟ್ಟು ತಪ್ಪುವ ಹೊತ್ತಿಗೆ ಭ್ರೂಣಕ್ಕೆ ಸುಮಾರು 14 ದಿನ. ಒಂದು ವಾರ ಕಾದು ಪರೀಕ್ಷೆ ಮಾಡಿದರೆ 21. ಇನ್ನೊಂದು ವಾರಕ್ಕೆ ಡಾಕ್ಟರ ಭೇಟಿ ಎಂದರೆ 28. ಮಗುವಿನ ಮಿದುಳು, ಬೆನ್ನುಹುರಿ ಆಗಬೇಕಾದ ನರಕೊಳವೆ ಮುಚ್ಚಿಕೊಳ್ಳುವುದು ಸರಿಯಾಗಿ ಆ 28ನೇ ದಿನದ ಹೊತ್ತಿಗೆ. ಅದು ಸರಿಯಾಗಿ ಮುಚ್ಚಲು ನೆರವಾಗುವುದೇ ಫೋಲಿಕ್ ಆ್ಯಸಿಡ್ಡಿನ ಆ ದೊಡ್ಡ ಕೆಲಸ. ಕೊಳವೆ ಕೆಳಗೆ ತೆರೆದೇ ಉಳಿದರೆ ಸ್ಪೈನಾ ಬೈಫಿಡಾ ಎಂಬ ಬೆನ್ನುಹುರಿಯ ದೋಷ; ತಲೆಯ ಕಡೆ ತೆರೆದು ಉಳಿದರೆ ಮಗು ಬದುಕುವುದಿಲ್ಲ.

ಯಾವಾಗ, ಎಷ್ಟು?

ಮಗು ಬೇಕೆಂದು ನಿರ್ಧರಿಸಿದ ದಿನವೇ ಶುರುಮಾಡಿ. ಕಾಪರ್-ಟಿ ತೆಗೆಸುವ, ಗರ್ಭನಿರೋಧಕ ಮಾತ್ರೆ ನಿಲ್ಲಿಸುವ ಮೊದಲೇ ಆದರೆ ಇನ್ನೂ ಒಳ್ಳೆಯದು. ಕನಿಷ್ಠ ಒಂದು ತಿಂಗಳು, ಸಾಧ್ಯವಾದರೆ ಮೂರು ತಿಂಗಳು ಮುಂಚೆ. ದಿನಕ್ಕೆ 400 ಮೈಕ್ರೋಗ್ರಾಂ, ಗರ್ಭ ನಿಂತ ಮೇಲೆ 12 ವಾರ ತುಂಬುವವರೆಗೆ.

ಎಡವಟ್ಟಾಗುವುದು ಔಷಧಿ ಅಂಗಡಿಯಲ್ಲಿ. ಬರೀ ‘ಫೋಲಿಕ್ ಆ್ಯಸಿಡ್ ಕೊಡಿ’ ಎಂದರೆ ಸಾಮಾನ್ಯವಾಗಿ ಕೈಗೆ ಬರುವುದು 5 ಎಂಜಿ ಮಾತ್ರೆ. 5 ಎಂಜಿ ಎಂದರೆ 5,000 ಮೈಕ್ರೋಗ್ರಾಂ, ನಿಮಗೆ ಬೇಕಾದ್ದರ ಹನ್ನೆರಡೂವರೆ ಪಟ್ಟು. ಸ್ಟ್ರಿಪ್ ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿ: ‘400 ಎಂಸಿಜಿ’ ಅಥವಾ ‘0.4 ಎಂಜಿ’ ಎಂದಿರಬೇಕು. ಡಾಕ್ಟರ್ ಹೇಳದೆ ದಿನಕ್ಕೆ 1,000 ಮೈಕ್ರೋಗ್ರಾಂ ದಾಟಬೇಡಿ. ಬೇರೆ ವಿಟಮಿನ್ ಮಾತ್ರೆ ನುಂಗುತ್ತಿದ್ದರೆ ಅದರಲ್ಲಿರುವ ಫೋಲಿಕ್ ಆ್ಯಸಿಡ್ಡನ್ನೂ ಕೂಡಿಸಿಕೊಳ್ಳಿ.

ಸಸ್ಯಾಹಾರಿಗಳು ಇದನ್ನು ಇನ್ನೂ ಗಮನವಿಟ್ಟು ಓದಬೇಕು. ವಿಟಮಿನ್ ಬಿ12 ಕೊರತೆ ಅವರಲ್ಲಿ ಹೆಚ್ಚು. ಆ ಕೊರತೆ ಇರುವವರು ಹೆಚ್ಚು ಫೋಲಿಕ್ ಆ್ಯಸಿಡ್ ತೆಗೆದುಕೊಂಡರೆ ರಕ್ತಹೀನತೆ ಮರೆಯಾಗುತ್ತದೆ, ನರಗಳಿಗೆ ಆಗುವ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ. ಮೊದಲೇ ಬಿ12 ರಕ್ತಪರೀಕ್ಷೆ ಮಾಡಿಸಿಬಿಡಿ.

5 ಎಂಜಿ ಯಾರಿಗೆ?

ಹಿಂದಿನ ಮಗುವಿಗೆ, ಇಲ್ಲವೇ ಗಂಡ-ಹೆಂಡತಿಯಲ್ಲಿ ಒಬ್ಬರಿಗೆ ನರಕೊಳವೆ ಮುಚ್ಚದ ತೊಂದರೆ ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಫಿಟ್ಸ್‌ಗೆ ಮಾತ್ರೆ ನುಂಗುತ್ತಿದ್ದರೆ ಡಾಕ್ಟರ್ 4 ಅಥವಾ 5 ಎಂಜಿ ಬರೆಯುತ್ತಾರೆ. ಮೊದಲೊಮ್ಮೆ ಇಂಥ ಮಗುವಾಗಿದ್ದ ತಾಯಂದಿರಿಗೆ 4 ಎಂಜಿ ಕೊಟ್ಟಾಗ ಅದು ಮರುಕಳಿಸುವ ಸಾಧ್ಯತೆ ನೂರಕ್ಕೆ 72ರಷ್ಟು ತಗ್ಗಿತೆಂದು 1991ರ ಬ್ರಿಟಿಷ್ ಅಧ್ಯಯನ ತೋರಿಸಿತು. ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ವಾಲ್ಪ್ರೊಯೇಟ್ ಆಗಿದ್ದರೆ ಬದಲಿಸಬಹುದೇ ಎಂದು ಗರ್ಭ ನಿಲ್ಲುವ ಮೊದಲೇ ಕೇಳಿ. ಸಂಧಿವಾತಕ್ಕೆ ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರ ಜೊತೆ ಮಾತಾಡುವವರೆಗೂ ಗರ್ಭನಿರೋಧಕ ಬಿಡಲೇಬೇಡಿ. ಅದು ಫೋಲೇಟಿಗೆ ನೇರ ವಿರೋಧಿ, ಭ್ರೂಣಕ್ಕೆ ಅಪಾಯ.

ನುಂಗುವುದು ಹೇಗೆ?

ಊಟದ ಮೊದಲೋ ನಂತರವೋ ಎಂಬ ಕಟ್ಟುಪಾಡಿಲ್ಲ. ದಿನವೂ ಒಂದೇ ಹೊತ್ತು ಇಟ್ಟುಕೊಂಡರೆ ಮರೆಯುವುದಿಲ್ಲ. ಒಂದು ದಿನ ತಪ್ಪಿದರೆ ಮಾರನೆಯ ದಿನ ಎರಡು ನುಂಗಬೇಡಿ.

ಸೊಪ್ಪು, ಹೆಸರುಕಾಳು, ಅಲಸಂದೆ ಧಾರಾಳವಾಗಿ ತಿನ್ನಿ. ಫೋಲೇಟ್ ನೀರಿಗಿಳಿಯುತ್ತದೆ, ಬೇಯಿಸಿದಷ್ಟೂ ಸೋರುತ್ತದೆ. ಬೆಂದ ಕಟ್ಟನ್ನು ಚೆಲ್ಲದ ಬಸ್ಸಾರು ಈ ದೃಷ್ಟಿಯಿಂದ ಬಹಳ ಜಾಣ ಅಡುಗೆ. ಹಾಗೆಂದು ಬಸ್ಸಾರನ್ನೇ ನಂಬಿ ಮಾತ್ರೆ ಬಿಡುವ ಹಾಗಿಲ್ಲ. ಆಹಾರದ ಫೋಲೇಟ್ ಮಾತ್ರೆಯದರಷ್ಟು ಚೆನ್ನಾಗಿ ಮೈಗೆ ಹತ್ತುವುದಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ನಾಲ್ಕನೇ ತಿಂಗಳಿಂದ ಕೊಡುವ ಕೆಂಪು ಮಾತ್ರೆಯಲ್ಲಿ 60 ಎಂಜಿ ಕಬ್ಬಿಣದ ಜೊತೆ 500 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ಇರುತ್ತದೆ. ಅದು ಆಮೇಲಿನ ರಕ್ತಹೀನತೆಗೆ. ಅದಕ್ಕಾಗಿ ಕಾಯುತ್ತ ಕೂರಬೇಡಿ. ಗರ್ಭಕ್ಕೆ ಮುಂಚಿನಿಂದ ಮೊದಲ ಮೂರು ತಿಂಗಳವರೆಗೆ 400 ಮೈಕ್ರೋಗ್ರಾಂ ತೆಗೆದುಕೊಳ್ಳಬೇಕೆಂದು ರಕ್ತಹೀನತೆ ತಡೆಯುವ ಸರ್ಕಾರದ ಕಾರ್ಯಕ್ರಮವೇ ಹೇಳುತ್ತದೆ. ಆಶಾ ಕಾರ್ಯಕರ್ತೆಯನ್ನು ಕೇಳಿ.

ಯೋಚಿಸದೆಯೇ ಗರ್ಭ ನಿಂತಿದ್ದರೆ? ಗಾಬರಿಪಡಬೇಡಿ, ಬಹುತೇಕ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತವೆ. ಇವತ್ತೇ ಶುರುಮಾಡಿ, 12 ವಾರದವರೆಗೆ ನುಂಗಿ. 18ರಿಂದ 20ನೇ ವಾರದ ಸ್ಕ್ಯಾನಿಂಗ್ ತಪ್ಪಿಸಬೇಡಿ. ಮಗುವಿನ ಬೆನ್ನನ್ನು ಮೂಳೆಮೂಳೆಯಾಗಿ ನೋಡುವುದು ಅದರಲ್ಲೇ.